ವಿಂಚೆಸ್ಟರ್ ಭವನದ ತೋಟದಲ್ಲಿ ಹೂ ಕಟ್ಟಿದ ದಿನ: ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ವಿಂಚೆಸ್ಟರ್ ಮಿಸ್ಟರಿ ಹೌಸ್‌ನ ತೋಟದಲ್ಲಿ, ವಿಕ್ಟೋರಿಯಾ ಕಾಲದ ಮಾದರಿಯ ವಸಂತದ ಸಂತೆಗೆ ಮಳಿಗೆ ಹಾಕಲು ಒಪ್ಪಿದಾಗ ನನಗೆ ನಾನೇ ಒಂದು ಕಟ್ಟಳೆ ವಿಧಿಸಿಕೊಂಡಿದ್ದೆ: ಆ ಕಾಲದ ತೋಟಗಳಲ್ಲಿ ಇಲ್ಲದಿದ್ದ ಯಾವ ಗಿಡವನ್ನೂ ಮಾರಬಾರದು. ಸಾರಾ ವಿಂಚೆಸ್ಟರ್ 1886ರಲ್ಲಿ ಎಂಟು ಕೋಣೆಗಳ ಮನೆಯೊಂದನ್ನು ಕೊಂಡು, 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅದನ್ನು ಸುಮಾರು 160 ಕೋಣೆಗಳ ಭವನವಾಗಿ ಬೆಳೆಸಿದ್ದರು. ಗಂಡನ ಮನೆತನದ ಕಂಪನಿ ತಯಾರಿಸಿದ ಬಂದೂಕುಗಳಿಗೆ ಬಲಿಯಾದವರ ಪ್ರೇತಗಳನ್ನು ದಾರಿ ತಪ್ಪಿಸುವುದಕ್ಕಾಗಿ ಹೀಗೆ ಕಟ್ಟಿಸಿದರೆಂಬ ಕಥೆಯೇ ಹೆಚ್ಚಿನವರನ್ನು ಅಲ್ಲಿಗೆ ಕರೆತರುತ್ತದೆ. ನನ್ನನ್ನು ಸೆಳೆದದ್ದು ಮಾತ್ರ ಅಲ್ಲಿನ ಹೂಮನೆಯ, ಅಂದರೆ ಕುಂಡದ ಗಿಡಗಳನ್ನು ಬೆಳೆಸುವ ಕೋಣೆಯ, ನೆಲ. ಮರದ ಹಲಗೆಗಳ ಕೆಳಗೆ ಸತುವಿನ ತಗಡು ಹಾಸಿ, ಕುಂಡಗಳಿಗೆ ಹೊಯ್ದ ನೀರಿನಲ್ಲಿ ಸೋರಿದ್ದು ಕೊಳವೆಯ ಮೂಲಕ ಹೊರಗಿನ ತೋಟಕ್ಕೆ ಹರಿಯುವಂತೆ ಮಾಡಿಸಿದ ಆ ಹೆಂಗಸು ದೆವ್ವಕ್ಕೆ ಹೆದರುತ್ತಿದ್ದರೋ ಇಲ್ಲವೋ, ನೀರಿನ ಬೆಲೆಯನ್ನಂತೂ ಬಲ್ಲವರಾಗಿದ್ದರು.

ಮಾರಾಟಕ್ಕೆ ಎರಡೇ ಬಗೆಯ ಸರಕು ಸಿದ್ಧಪಡಿಸಿದೆ. ಮೊದಲನೆಯದು ಟಸ್ಸಿ-ಮಸ್ಸಿ, ಅಂದರೆ ಕೈಯಲ್ಲಿ ಹಿಡಿಯುವ ಪುಟ್ಟ ಹೂಗುಚ್ಛ. ಅಂದಿನವರು ಒಂದೊಂದು ಹೂವಿಗೂ ಅರ್ಥ ಹಚ್ಚಿದ್ದರು; ರೋಸ್‌ಮರಿ ನೆನಪಿಗೆ, ಐವಿ ನಿಷ್ಠೆಗೆ, ಪ್ಯಾನ್ಸಿ ಮನದೊಳಗಿನ ಯೋಚನೆಗೆ. ಹಿಂದಿನ ಸಂಜೆ ಬಿಸಿಲಿಳಿದ ಮೇಲೆ ಹೂಗಳನ್ನು ಕೊಯ್ದು, ಕೆಳಗಿನ ಎಲೆಗಳನ್ನು ಕಿತ್ತು, ತಂಪಾದ ಕಡೆ ರಾತ್ರಿಯಿಡೀ ಆಳವಾದ ನೀರಿನಲ್ಲಿ ನಿಲ್ಲಿಸಿದೆ. ಬೆಳಗಿನ ಜಾವ ನಡುವಿಗೊಂದು ಗುಲಾಬಿ ಮೊಗ್ಗು ಹಿಡಿದು, ಸುತ್ತ ಪ್ಯಾನ್ಸಿ, ಲ್ಯಾವೆಂಡರ್, ರೋಸ್‌ಮರಿ, ಕೊನೆಯ ಸುತ್ತಿಗೆ ಪರಿಮಳದ ಜೆರೇನಿಯಂ ಎಲೆ ಸೇರಿಸುತ್ತ ಕಟ್ಟಿದೆ. ಮೊದಲು ಬಳಸಿದ ತಂತಿ ಎಳೆಯ ತೊಟ್ಟುಗಳನ್ನು ಕತ್ತರಿಸುತ್ತಿತ್ತು. ನಾಲ್ಕು ಗುಚ್ಛ ಹಾಳಾದ ಮೇಲೆ, ಅಮ್ಮ ಮಲ್ಲಿಗೆ ಕಟ್ಟುವಾಗ ಮಾಡುತ್ತಿದ್ದಂತೆ ಬಾಳೆನಾರನ್ನು ನೀರಿನಲ್ಲಿ ನೆನೆಸಿ ಬಳಸಿದೆ. ಅದು ಬಿಗಿಯಾಗಿಯೂ ಮೆತ್ತಗಾಗಿಯೂ ಕೂತಿತು. ತುದಿಗೆ ಒದ್ದೆ ಹತ್ತಿ ಸುತ್ತಿ, ಅದರ ಮೇಲೆ ಮೇಣದ ಕಾಗದ, ಹೂವಿನ ಕೆಳಗೆ ಕಾಗದದ ಲೇಸು. ಉಡುಪಿನ ಚಿಂತೆ ಬರಲಿಲ್ಲ, ಏಕೆಂದರೆ ಅಜ್ಜಿಯ ಉದ್ದ ಕತ್ತಿನ, ಉಬ್ಬು ತೋಳಿನ ರವಿಕೆ ಆ ಸಂತೆಗೆಂದೇ ಹೊಲಿಸಿದಂತಿತ್ತು.

ಎರಡನೆಯದು ಗಾಜಿನ ಭರಣಿಯೊಳಗಿನ ಜರಿಗಿಡ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್, ಪತಂಗದ ಕೋಶವಿಟ್ಟು ಮುಚ್ಚಿದ್ದ ಬಾಟಲಿಯ ಮಣ್ಣಿನಲ್ಲಿ ಜರಿಗಿಡವೊಂದು ತಾನಾಗಿ ಚಿಗುರಿದ್ದನ್ನು ಕಂಡರು. ಮುಂದೆ ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಬಂದದ್ದು ಇದೇ ಉಪಾಯದಿಂದ ಹುಟ್ಟಿದ, ಅವರ ಹೆಸರಿನ ಗಾಜಿನ ಪೆಟ್ಟಿಗೆಗಳಲ್ಲಿ. ನಾನು ಭರಣಿಯ ತಳಕ್ಕೆ ಸಣ್ಣ ಜಲ್ಲಿ, ಅದರ ಮೇಲೆ ಇದ್ದಿಲಿನ ಚೂರು, ಆಮೇಲೆ ಮಣ್ಣು ಹಾಕಿ, ನಾಲ್ಕಾರು ಚಮಚ ನೀರು ಹನಿಸಿ ಮುಚ್ಚಿದ್ದೆ. ಗಾಜು ಬೆಳಿಗ್ಗೆ ಮಂಜು ಹಿಡಿದು ಮಧ್ಯಾಹ್ನಕ್ಕೆ ತಿಳಿಯಾದರೆ ನೀರು ಹದವಾಗಿದೆ; ದಿನವಿಡೀ ಹನಿಯುತ್ತಲೇ ಇದ್ದರೆ ಮುಚ್ಚಳವನ್ನು ಸ್ವಲ್ಪ ಹೊತ್ತು ತೆಗೆದಿಡಬೇಕು.

ಇಷ್ಟೆಲ್ಲ ತಿಳಿದೂ ನಾನು ಎಡವಿದೆ. ಅಂದವಾಗಿ ಕಾಣಲೆಂದು ಭರಣಿಗಳನ್ನು ಮೇಜಿನ ಮುಂದಿನ ಸಾಲಿನಲ್ಲಿ ಜೋಡಿಸಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಬಿಸಿಲು ನೇರವಾಗಿ ಬಿದ್ದು, ಮೂರು ಭರಣಿಗಳ ಜರಿಗಿಡಗಳು ಬೇಯಿಸಿದ ಸೊಪ್ಪಿನಂತಾದವು. ಉಳಿದವನ್ನು ಮೇಜಿನ ಕೆಳಗೆ ಸರಿಸಿ, ಕೇಳಿದವರಿಗೆ ಮಾತ್ರ ತೆಗೆದು ತೋರಿಸಿದೆ. ವಿಚಿತ್ರವೆಂದರೆ, ಬಚ್ಚಿಟ್ಟ ಮೇಲೆಯೇ ಅವು ಬೇಗ ಖರ್ಚಾದವು.

ಬಂದವರಲ್ಲಿ ಬಹಳ ಮಂದಿ ಮೊದಲು ಕೇಳಿದ್ದು ದೆವ್ವ ಕಂಡಿತೇ ಎಂದು. ನಾನು ಸತುವಿನ ನೆಲದ ವಿಷಯ ಹೇಳುತ್ತಿದ್ದೆ. ಕೆಲವರು ನಿರಾಶರಾದರು, ಕೆಲವರು ಅದನ್ನು ನೋಡಲು ಒಳಗೆ ಹೋದರು. ಸಂಜೆ ಉಳಿದ ಆರು ಗುಚ್ಛಗಳನ್ನು ಮನೆಗೆ ತಂದು ತಲೆಕೆಳಗಾಗಿ ತೂಗುಹಾಕಿದೆ. ಲ್ಯಾವೆಂಡರ್ ಮತ್ತು ರೋಸ್‌ಮರಿ ಪರಿಮಳ ಕಳೆದುಕೊಳ್ಳದೆ ಒಣಗಿದವು. ಪ್ಯಾನ್ಸಿ ಮಾತ್ರ ಮುದುಡಿ, ಮುಟ್ಟಿದರೆ ಪುಡಿಯಾಗುವಂತಾಯಿತು.