480 ಪೌಂಡ್ ಕೊಟ್ಟ ಮೇಲೂ ರಾತ್ರಿ ನಿಲ್ಲುತ್ತಿದ್ದ ವಾಚು

ಇಂಗ್ಲೆಂಡಿನಲ್ಲಿ ನನಗೆ ಮೊದಲ ಕೆಲಸ ಸಿಕ್ಕಾಗ ಅಣ್ಣ ಒಂದು ಸ್ವಿಸ್ ವಾಚು ಕೊಡಿಸಿದ್ದ. ಬ್ಯಾಟರಿ ಇಲ್ಲದ ಆಟೋಮ್ಯಾಟಿಕ್ ವಾಚು. ಕೈ ಆಡಿದ ಹಾಗೆಲ್ಲ ತಾನೇ ಕೀ ಕೊಟ್ಟುಕೊಳ್ಳುತ್ತದೆ. ಎಂಟು ವರ್ಷ ಚೆನ್ನಾಗಿಯೇ ಓಡಿತು. ಆಮೇಲೆ ದಿನಕ್ಕೆ ನಾಲ್ಕೈದು ನಿಮಿಷ ಹಿಂದೆ ಬೀಳತೊಡಗಿತು. ರಾತ್ರಿ ಬಿಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ನಿಂತಿರುತ್ತಿತ್ತು. ಒಳಗಿನ ಎಣ್ಣೆ ಒಣಗಿದಾಗ ಇಂಥ ವಾಚುಗಳಿಗೆ ಹೀಗಾಗುವುದು ಮಾಮೂಲು. ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಬೇಕು. ಅದನ್ನೇ ಫುಲ್ ಸರ್ವಿಸ್ ಅನ್ನುವುದು.

ಹೈ ಸ್ಟ್ರೀಟ್‌ನಲ್ಲಿರುವ ಒಂದು ದೊಡ್ಡ ಒಡವೆ ಅಂಗಡಿಗೆ ಕೊಟ್ಟೆ. ಉಂಗುರ, ಸರ, ವಾಚು ಎಲ್ಲ ಮಾರುವ ಅಂಗಡಿ. ಕೌಂಟರಿನಲ್ಲಿ ಇರುವವರು ರಿಪೇರಿ ಗೊತ್ತಿರುವವರಲ್ಲ. ವಾಚನ್ನು ಕವರಿಗೆ ಹಾಕಿ ಬೇರೆ ಊರಿನ ವರ್ಕ್‌ಶಾಪಿಗೆ ಕಳಿಸುತ್ತಾರೆ. ಇದು ನನಗೆ ಆಮೇಲೆ ಗೊತ್ತಾಯಿತು. ಫುಲ್ ಸರ್ವಿಸ್‌ಗೆ 395 ಪೌಂಡ್, ಎಂಟು ವಾರ ಎಂದು ರಸೀದಿ ಬರೆದುಕೊಟ್ಟರು. ಐದನೇ ವಾರ ಫೋನ್ ಬಂತು. ಕೀ ತಿರುಗಿಸುವ ಕ್ರೌನ್ ಸವೆದಿದೆ, ಅದಕ್ಕೆ ಇನ್ನೂ 85 ಪೌಂಡ್ ಆಗುತ್ತದೆ ಅಂದರು. ಒಪ್ಪಿದೆ. ವಾಚು ಕೈಗೆ ಬಂದದ್ದು ಹನ್ನೊಂದನೇ ವಾರ. ಕ್ರೆಡಿಟ್ ಕಾರ್ಡಿನಲ್ಲಿ 480 ಪೌಂಡ್ ಕಟ್ಟಿದೆ.

ನಾಲ್ಕನೇ ಬೆಳಗ್ಗೆ ಎದ್ದು ನೋಡಿದರೆ ಮುಳ್ಳು ಮೂರೂ ಇಪ್ಪತ್ತಕ್ಕೆ ನಿಂತಿತ್ತು. ಹೊಟ್ಟೆ ಉರಿಯಿತು. ಅದೇ ದಿನ ಅಂಗಡಿಗೆ ಹೋದೆ. "ನೀವು ಸಾಕಷ್ಟು ಹೊತ್ತು ಕಟ್ಟಿಕೊಳ್ಳುತ್ತಿಲ್ಲ ಸರ್, ಆಟೋಮ್ಯಾಟಿಕ್ ವಾಚಿಗೆ ಕೈ ಆಡುತ್ತಿರಬೇಕು" ಅಂದರು. ಮಾತಿನಲ್ಲಿ ಮರ್ಯಾದೆ ಇತ್ತು, ಆದರೆ ವಾಚನ್ನು ಮುಟ್ಟಿಯೂ ನೋಡಲಿಲ್ಲ. ನಾನು ದನಿ ಏರಿಸಿದೆ. ಅವರು ಇನ್ನಷ್ಟು ನಯವಾಗಿ ಅದನ್ನೇ ಹೇಳಿದರು. ವಾಪಸ್ ಬಂದೆ.

ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಅವನು ಹೇಳಿದ್ದು ಇಷ್ಟೇ: "ಸುಮ್ನೆ ಬಿಡಬೇಡ ಕಣೋ. ಆದ್ರೆ ಕೂಗಾಡಬೇಡ. ಅವರು ಹೇಳಿದ್ದು ಸುಳ್ಳು ಅಂತ ತೋರಿಸು."

ಯೋಚಿಸಿದರೆ ಅವರು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಕೈ ಆಡದಿದ್ದರೆ ಆಟೋಮ್ಯಾಟಿಕ್ ವಾಚು ನಿಲ್ಲುತ್ತದೆ. ಹಾಗಾದರೆ ನನ್ನ ಕೈಯನ್ನೇ ಲೆಕ್ಕದಿಂದ ತೆಗೆದುಬಿಡಬೇಕು, ಅಲ್ವಾ? ಈ ವಾಚಿನ ಒಳಗಿರುವುದು ಇಟಿಎ 2824 ಎಂಬ ಯಂತ್ರ. ಅದಕ್ಕೆ ಕೈಯಿಂದಲೂ ಕೀ ಕೊಡಬಹುದು. ಪೂರ್ತಿ ಕೀ ಕೊಟ್ಟರೆ ಸುಮಾರು 38 ಗಂಟೆ ಓಡಬೇಕು. ಶನಿವಾರ ಬೆಳಗ್ಗೆ ಎಂಟಕ್ಕೆ ಕ್ರೌನ್ ಅನ್ನು ನಲವತ್ತು ಸುತ್ತು ತಿರುಗಿಸಿ ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ಫೋನಿನ ಗಡಿಯಾರ ಕಾಣುವ ಹಾಗೆ ವಿಡಿಯೊ ತೆಗೆದೆ. ಭಾನುವಾರ ಬೆಳಗ್ಗೆ ಎದ್ದಾಗ ವಾಚು 6:10ಕ್ಕೆ ನಿಂತಿತ್ತು. ಇಪ್ಪತ್ತೆರಡು ಗಂಟೆಯ ಆಸುಪಾಸು. ಮುಂದಿನ ವಾರ ಇನ್ನೂ ಎರಡು ಸಲ ಮಾಡಿದೆ. ಒಮ್ಮೆ 23, ಒಮ್ಮೆ 21 ಗಂಟೆ. ಮೂರನ್ನೂ ತಾರೀಕು, ಹೊತ್ತು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮುಂದಿನ ಎಲ್ಲ ಪತ್ರಗಳಿಗೂ ಆಧಾರವಾದದ್ದು ಈ ಒಂದು ಹಾಳೆ.

ಆಮೇಲೆ ಸಣ್ಣ ಓಣಿಯಲ್ಲಿ ಸ್ವಂತ ಅಂಗಡಿ ಇಟ್ಟುಕೊಂಡಿರುವ ಒಬ್ಬ ವಾಚ್‌ಮೇಕರ್ ಹತ್ತಿರ ಹೋದೆ. ವಯಸ್ಸಾದವರು. ನನ್ನ ಕಥೆ ಕೇಳಿ ಅವರು ಮೊದಲು ಹೇಳಿದ ಮಾತೇ ನನ್ನ ಕೇಸನ್ನು ಉಳಿಸಿತು. "ನಾನು ಈಗ ಇದನ್ನು ತೆರೆಯುವುದಿಲ್ಲ. ತೆರೆದರೆ, ಕೆಡಿಸಿದ್ದು ನಾನೇ ಎಂದು ಆ ಅಂಗಡಿಯವರು ಹೇಳುತ್ತಾರೆ." ಬಿಚ್ಚದೆಯೇ ಅಳೆಯುವ ಒಂದು ಯಂತ್ರ ಅವರಲ್ಲಿತ್ತು, ಟೈಮ್‌ಗ್ರಾಫರ್ ಅಂತ. ವಾಚನ್ನು ಒಂದು ಪುಟ್ಟ ಸ್ಟ್ಯಾಂಡಿಗೆ ಸಿಕ್ಕಿಸುತ್ತಾರೆ. ಅದರಲ್ಲಿರುವ ಮೈಕ್ ಟಿಕ್ ಟಿಕ್ ಶಬ್ದ ಕೇಳಿಸಿಕೊಳ್ಳುತ್ತದೆ. ಈ ವಾಚು ಗಂಟೆಗೆ 28,800 ಸಲ, ಅಂದರೆ ಸೆಕೆಂಡಿಗೆ ಎಂಟು ಸಲ ಬಡಿಯುತ್ತದೆ. ಪರದೆಯ ಮೇಲೆ ಚುಕ್ಕೆಗಳು ಸಾಲಾಗಿ ಮೂಡುತ್ತ ಹೋಗುತ್ತವೆ. ವಾಚು ಸರಿಯಿದ್ದರೆ ಆ ಸಾಲು ನೇರವಾಗಿರುತ್ತದೆ. ನನ್ನದು ಕೆಳಗೆ ಜಾರುತ್ತಿತ್ತು.

ಅದರಲ್ಲಿ ನೋಡಬೇಕಾದ ಅಂಕಿ ಮುಖ್ಯವಾಗಿ ಎರಡು. ಒಂದು, ದಿನಕ್ಕೆ ಎಷ್ಟು ಸೆಕೆಂಡ್ ಹಿಂದೆ ಮುಂದೆ ಅನ್ನುವುದು. ನನ್ನದು 38 ಸೆಕೆಂಡ್ ಹಿಂದೆ ಇತ್ತು. ಇನ್ನೊಂದು ಆಂಪ್ಲಿಟ್ಯೂಡ್. ಒಳಗಿನ ಬ್ಯಾಲೆನ್ಸ್ ಚಕ್ರ ಒಂದೊಂದು ಸಲಕ್ಕೂ ಎಷ್ಟು ಡಿಗ್ರಿ ತೂಗುತ್ತದೆ ಅನ್ನುವ ಲೆಕ್ಕ ಅದು. ಪೂರ್ತಿ ಕೀ ಕೊಟ್ಟು ಮಲಗಿಸಿಟ್ಟಾಗ ಸುಮಾರು 270ರಿಂದ 310 ಡಿಗ್ರಿ ಇರಬೇಕು. ನನ್ನದು 195. ಈಗ ತಾನೇ ತೊಳೆದು ಎಣ್ಣೆ ಹಾಕಿದ ವಾಚು ಇಷ್ಟು ಕಡಿಮೆ ತೂಗುವುದಿಲ್ಲ. ಅವರು ಪರದೆಯ ಫೋಟೊ ತೆಗೆದು, ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟು 40 ಪೌಂಡ್ ತೆಗೆದುಕೊಂಡರು. ಇಡೀ ಜಗಳದಲ್ಲಿ ನಾನು ಕೊಟ್ಟ ದುಡ್ಡಿನಲ್ಲಿ ಅತ್ಯಂತ ಸಾರ್ಥಕವಾದದ್ದು ಇದೇ.

ಇನ್ನು ಕಾನೂನು. ಬ್ರಿಟನ್ನಿನಲ್ಲಿ 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಇದೆ. ಅದರ 49ನೇ ಸೆಕ್ಷನ್ ಪ್ರಕಾರ ದುಡ್ಡು ತೆಗೆದುಕೊಂಡು ಮಾಡುವ ಕೆಲಸವನ್ನು ತಕ್ಕ ಎಚ್ಚರ ಮತ್ತು ಕುಶಲತೆಯಿಂದ ಮಾಡಬೇಕು. ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನೋ ಬರೆದುಕೊಟ್ಟಿದ್ದನ್ನೋ ನಂಬಿ ನಾವು ಕೆಲಸ ಒಪ್ಪಿಸಿದರೆ, ಆ ಮಾತು ಒಪ್ಪಂದದ ಭಾಗವೇ ಆಗುತ್ತದೆ ಎಂದು 50ನೇ ಸೆಕ್ಷನ್ ಹೇಳುತ್ತದೆ. ನನ್ನ ರಸೀದಿಯಲ್ಲಿ "ಫುಲ್ ಸರ್ವಿಸ್" ಎಂದು ಅಚ್ಚಾಗಿತ್ತಲ್ಲ, ಆ ಎರಡು ಪದ ಇಲ್ಲಿ ಕೆಲಸಕ್ಕೆ ಬಂದವು.

ಒಂದು ವಿಷಯ ಮಾತ್ರ ನನಗೆ ಇಷ್ಟವಾಗಲಿಲ್ಲ, ಆದರೂ ಒಪ್ಪಲೇಬೇಕಾಯಿತು. ಕೆಲಸ ಕೆಟ್ಟಿದೆ ಎಂದ ತಕ್ಷಣ ಹಣ ವಾಪಸ್ ಕೇಳುವಂತಿಲ್ಲ. ಮೊದಲು ಅವರ ಖರ್ಚಿನಲ್ಲೇ ಅದೇ ಕೆಲಸವನ್ನು ಮತ್ತೆ ಮಾಡಿಸಿಕೊಳ್ಳಬೇಕು. ಅದು ಸಾಧ್ಯವೇ ಇಲ್ಲವಾದರೆ, ಅಥವಾ ತಕ್ಕ ಸಮಯದಲ್ಲಿ, ಜಾಸ್ತಿ ತೊಂದರೆಯಿಲ್ಲದೆ ಅವರು ಮಾಡಿಕೊಡದಿದ್ದರೆ ಆಗ ಬೆಲೆ ಇಳಿಸಲು ಕೇಳಬಹುದು. ಆ ಇಳಿಕೆ ಪೂರ್ತಿ ಮೊತ್ತದವರೆಗೂ ಹೋಗಬಹುದು. ಇದು 55 ಮತ್ತು 56ನೇ ಸೆಕ್ಷನ್. ಎಷ್ಟೋ ಜನ ಈ ಮೊದಲ ಮೆಟ್ಟಿಲನ್ನೇ ದಾಟಿಬಿಟ್ಟು, ಸಿಟ್ಟಿನಲ್ಲಿ ಬೇರೆಯವರ ಹತ್ತಿರ ರಿಪೇರಿ ಮಾಡಿಸಿ, ಆಮೇಲೆ ಬಿಲ್ ಹಿಡಿದು ಹೋಗುತ್ತಾರೆ. ಅಷ್ಟು ಹೊತ್ತಿಗೆ ಸಾಕ್ಷಿ ತೊಳೆದುಹೋಗಿರುತ್ತದೆ.

ಹಾಗಾಗಿ ನನ್ನ ಮೊದಲ ಪತ್ರದಲ್ಲಿ ಹಣ ಕೇಳಲಿಲ್ಲ. ಅಂಗಡಿಯ ಮ್ಯಾನೇಜರಿಗೂ ಹೆಡ್ ಆಫೀಸಿನ ಗ್ರಾಹಕ ವಿಭಾಗಕ್ಕೂ ಒಟ್ಟಿಗೆ ಇಮೇಲ್ ಕಳಿಸಿದೆ. ಒಂದು ಪುಟಕ್ಕಿಂತ ಜಾಸ್ತಿ ಇರಲಿಲ್ಲ. ವಾಚು ಕೊಟ್ಟ ದಿನ, ತೆಗೆದುಕೊಂಡ ದಿನ, ಕಟ್ಟಿದ ಹಣ, ಮೂರು ಪರೀಕ್ಷೆಯ ಗಂಟೆಗಳು, ಟೈಮ್‌ಗ್ರಾಫರ್ ಅಂಕಿ, ಕಾಯ್ದೆಯ ಹೆಸರು. ಕೊನೆಗೆ, "ಸರ್ವಿಸ್ ಅನ್ನು ಮತ್ತೊಮ್ಮೆ ಸರಿಯಾಗಿ ಮಾಡಿಕೊಡಿ. 14 ದಿನದೊಳಗೆ ಉತ್ತರ ಬೇಕು." ಮೊದಲ ಕರಡಿನಲ್ಲಿ "ಮೋಸ" ಅನ್ನುವ ಪದ ಎರಡು ಕಡೆ ಇತ್ತು. ಎರಡನ್ನೂ ಹೊಡೆದುಹಾಕಿದೆ. ಮೋಸ ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. 195 ಡಿಗ್ರಿ ಇತ್ತು.

ಹಿಂಬದಿ ಮುಚ್ಚಳದ ಅಂಚಿನಲ್ಲಿ ಒಂದು ಗೀರು ಕೂಡ ಬಿದ್ದಿತ್ತು. ಮುಚ್ಚಳ ತೆಗೆಯುವಾಗ ಉಪಕರಣ ಜಾರಿದರೆ ಬೀಳುವಂಥದ್ದು. ಅಕ್ಕಿ ಕಾಳಿನಷ್ಟು ಉದ್ದ, ಉಗುರು ಆಡಿಸಿದರೆ ಸಿಗುತ್ತಿತ್ತು. ಆದರೆ ಕೊಡುವ ಮೊದಲು ನಾನು ಫೋಟೊ ತೆಗೆದಿರಲಿಲ್ಲ. ಅವರ ರಸೀದಿಯ ಕೆಳಗೆ "ಬಳಸಿದ ಗುರುತುಗಳಿವೆ" ಎಂದು ಟಿಕ್ ಹಾಕಿತ್ತು, ಅದಕ್ಕೆ ನಾನೇ ಸಹಿ ಹಾಕಿದ್ದೆ. ಗೀರಿನ ಮಾತನ್ನು ಪತ್ರದಿಂದ ತೆಗೆದೆ. ಇವತ್ತಿಗೂ ಅದನ್ನು ನೋಡಿದಾಗ ಬೇಜಾರಾಗುತ್ತದೆ.

ಒಂಬತ್ತನೇ ದಿನ ಉತ್ತರ ಬಂತು. ವಾಚು ಮತ್ತೆ ವರ್ಕ್‌ಶಾಪಿಗೆ ಹೋಗಿ ಐದು ವಾರಕ್ಕೆ ವಾಪಸ್ ಬಂತು. "ಪರೀಕ್ಷಿಸಿ ಸರಿಪಡಿಸಲಾಗಿದೆ" ಎಂಬ ಚೀಟಿ ಇತ್ತು. ಮನೆಗೂ ಹೋಗದೆ ಸೀದಾ ಅದೇ ವಾಚ್‌ಮೇಕರ್ ಅಂಗಡಿಗೆ ನಡೆದೆ. ಈಗ ದಿನಕ್ಕೆ ಬರೀ 6 ಸೆಕೆಂಡ್ ಹಿಂದೆ! ನಾನು ಖುಷಿಪಟ್ಟೆ. ಅವರು ತಲೆ ಅಲ್ಲಾಡಿಸಿ ಪಕ್ಕದ ಅಂಕಿ ತೋರಿಸಿದರು. ಆಂಪ್ಲಿಟ್ಯೂಡ್ 201.

ಅದರ ಅರ್ಥವನ್ನು ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಬ್ಯಾಲೆನ್ಸ್ ಮೇಲೆ ರೆಗ್ಯುಲೇಟರ್ ಎಂಬ ಸಣ್ಣ ಕಡ್ಡಿ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ವಾಚು ಬೇಗ ಅಥವಾ ನಿಧಾನ ಓಡುತ್ತದೆ. ಮುಚ್ಚಳ ತೆಗೆದು ಎರಡು ನಿಮಿಷದಲ್ಲಿ ಮಾಡುವ ಕೆಲಸ. ಆದರೆ ಕೊಳೆ, ಒಣಗಿದ ಎಣ್ಣೆ ಎಲ್ಲ ಹಾಗೇ ಉಳಿಯುತ್ತವೆ. ಸಮಯ ಸರಿ ಕಾಣುತ್ತದೆ, ಯಂತ್ರಕ್ಕೆ ಶಕ್ತಿ ಇರುವುದಿಲ್ಲ. ಮನೆಗೆ ಬಂದು ಪೂರ್ತಿ ಕೀ ಕೊಟ್ಟು ಇಟ್ಟೆ. 23 ಗಂಟೆಗೆ ನಿಂತಿತು. ಸರ್ವಿಸ್ ಆದ ವಾಚು ಹೇಗಿದೆ ಎಂದು ಕೇಳುವಾಗ ಸಮಯ ಒಂದನ್ನೇ ನೋಡಬಾರದು ಎಂದು ಅವತ್ತು ಕಲಿತೆ.

ಈಗ ತೆರೆದು ನೋಡುವ ಸಮಯ. ಆದರೆ ಮೊದಲು ಅಂಗಡಿಗೆ ಬರೆದೆ: ಇಂಥ ದಿನ ಬೇರೆ ವಾಚ್‌ಮೇಕರ್ ಇದನ್ನು ತೆರೆದು ಪರೀಕ್ಷಿಸುತ್ತಾರೆ, ನಿಮ್ಮವರು ಬರುವುದಿದ್ದರೆ ಬರಬಹುದು, ಬೇಡ ಎನ್ನುವುದಿದ್ದರೆ ಏಳು ದಿನದೊಳಗೆ ತಿಳಿಸಿ. ಉತ್ತರವಿಲ್ಲ. ತೆರೆದಾಗ ವಿಡಿಯೊ ತೆಗೆದೆವು. ಲೂಪ್ ಎಂಬ ಪುಟ್ಟ ಭೂತಗನ್ನಡಿಯಲ್ಲಿ ನಾನೂ ನೋಡಿದೆ. ಚಕ್ರಗಳ ಅಚ್ಚು ಕೂರುವ ಕೆಂಪು ಕಲ್ಲುಗಳ (ಜ್ಯೂವೆಲ್) ಸುತ್ತ ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಅಂಟಾಗಿ ಒಣಗಿತ್ತು. ಕ್ರೌನ್ ಮಾತ್ರ ನಿಜವಾಗಿ ಹೊಸದು. ಅದನ್ನೂ ವರದಿಯಲ್ಲಿ ಬರೆಯಿರಿ ಎಂದು ನಾನೇ ಹೇಳಿದೆ.

ಎರಡನೇ ಪತ್ರದಲ್ಲಿ 480 ಕೇಳಲಿಲ್ಲ, 395 ಕೇಳಿದೆ. ಕ್ರೌನಿನ 85 ಅವರಿಗೆ ಸಲ್ಲಬೇಕಾದ ಹಣ. ಹೀಗೆ ಬಿಟ್ಟುಕೊಟ್ಟದ್ದರಿಂದ ಉಳಿದ ಮಾತಿಗೆ ತೂಕ ಬಂತು ಎಂದು ನಾನು ನಂಬಿದ್ದೇನೆ. ಅವರು 150 ಪೌಂಡಿನ ಅಂಗಡಿ ವೋಚರ್ ಕೊಡುತ್ತೇವೆ ಅಂದರು. ಬೇಡ ಎಂದೆ. ಬೆಲೆ ಇಳಿಸಲು ಅಂಗಡಿ ಒಪ್ಪಿದರೆ, ನಾವು ಕಟ್ಟಿದ ದಾರಿಯಲ್ಲೇ 14 ದಿನದೊಳಗೆ ಹಣ ವಾಪಸ್ ಬರಬೇಕು ಎಂದು ಕಾಯ್ದೆಯಲ್ಲೇ ಇದೆ. ನಾವಾಗಿ ಒಪ್ಪದ ಹೊರತು ವೋಚರ್ ಅದಕ್ಕೆ ಬದಲಾಗುವುದಿಲ್ಲ.

ಈ ಹೊತ್ತಿಗೆ ಜನರಿಗೆ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿದ್ದೆ. ಅವರು ದೂರನ್ನು ವ್ಯಾಪಾರಿಗಳ ಮೇಲೆ ಕಣ್ಣಿಡುವ ಸರ್ಕಾರಿ ವಿಭಾಗ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ದಾಟಿಸುತ್ತಾರೆ, ಆದರೆ ಅಲ್ಲಿಯವರು ನಮ್ಮ ಹಣಕ್ಕಾಗಿ ಹೋರಾಡುವುದಿಲ್ಲ. ಅದಕ್ಕೆ ದಾರಿ ಎರಡು. ಒಂದು, 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟಿನ 75ನೇ ಸೆಕ್ಷನ್. 100 ಪೌಂಡಿಗಿಂತ ಜಾಸ್ತಿ, 30,000ದವರೆಗಿನ ಬೆಲೆಗೆ ಕ್ರೆಡಿಟ್ ಕಾರ್ಡ್ ಬಳಸಿದ್ದರೆ ಕಾರ್ಡ್ ಕಂಪನಿಯೂ ಅಂಗಡಿಯಷ್ಟೇ ಹೊಣೆ. ಡೆಬಿಟ್ ಕಾರ್ಡಿಗೆ ಇದಿಲ್ಲ. ಅದಕ್ಕೆ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳುವ ಚಾರ್ಜ್‌ಬ್ಯಾಕ್ ಇದೆ, ಆದರೆ ಅದು ಕಾರ್ಡ್ ಕಂಪನಿಗಳ ನಿಯಮವೇ ಹೊರತು ಕಾನೂನಲ್ಲ, ಗಡುವೂ ಚಿಕ್ಕದು. ಇನ್ನೊಂದು ಸ್ಮಾಲ್ ಕ್ಲೇಮ್ಸ್ ಕೋರ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10,000 ಪೌಂಡಿನವರೆಗಿನ ದಾವೆ ಅಲ್ಲಿ ನಡೆಯುತ್ತದೆ, ವಕೀಲರು ಬೇಕಿಲ್ಲ. ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಬೇರೆ ಪದ್ಧತಿ, ಮಿತಿ 5,000.

ಕೋರ್ಟಿಗೆ ಹೋಗುವ ಮೊದಲು ಕೊಡಬೇಕಾದ ಕೊನೆಯ ಪತ್ರ ಕಳಿಸಿದೆ. ಎರಡೂ ವರದಿ, ಹಾಳೆ, ವಿಡಿಯೊ ಲಿಂಕ್, ಮತ್ತೆ 14 ದಿನ. ಹನ್ನೆರಡನೇ ದಿನ ಹೆಡ್ ಆಫೀಸಿನಿಂದ ಒಬ್ಬರು ಫೋನ್ ಮಾಡಿದರು. ಅವರು ವಾದಿಸಲಿಲ್ಲ. "ನಿಮ್ಮ ಕಾಗದ ಎಲ್ಲ ಓದಿದೆ, 395 ವಾಪಸ್ ಮಾಡುತ್ತೇವೆ" ಅಂದರು. ಅದನ್ನೇ ಇಮೇಲ್ ಮಾಡಿ ಎಂದು ಕೇಳಿಕೊಂಡೆ, ಮಾಡಿದರು. ಒಂದು ವಾರದಲ್ಲಿ ಹಣ ಕಾರ್ಡಿಗೆ ಬಂತು. ವಾಚ್‌ಮೇಕರ್ ವರದಿಗಳಿಗೆ ಕೊಟ್ಟ ಹಣವನ್ನು ಕೇಳಬಹುದಿತ್ತು. ನಾನು ಅಲ್ಲಿಗೆ ನಿಲ್ಲಿಸಿದೆ. ಆರು ತಿಂಗಳಾಗಿತ್ತು, ಸಾಕಾಗಿತ್ತು.

ವಾಚನ್ನು ಆ ಓಣಿಯ ಅಂಗಡಿಯಲ್ಲೇ ಬಿಟ್ಟೆ. ಈ ಸಲ ಕೊಡುವ ಮೊದಲು ನಾಲ್ಕೂ ಕಡೆಯಿಂದ ಫೋಟೊ ತೆಗೆದೆ, ಗೀರಿನದ್ದೂ ಸೇರಿ. ಬದಲಾಯಿಸಿದ ಹಳೆಯ ಭಾಗ ವಾಪಸ್ ಬೇಕು, ಸರ್ವಿಸ್ ಆದ ಮೇಲಿನ ಟೈಮ್‌ಗ್ರಾಫರ್ ಅಂಕಿ ಬೇಕು ಎಂದು ರಸೀದಿಯ ಮೇಲೇ ಬರೆಸಿಕೊಂಡೆ. ಅವರು ನಗುತ್ತಾ ಬರೆದುಕೊಟ್ಟರು. ಮೂರು ವಾರಕ್ಕೆ ವಾಚು ಬಂತು. ಜೊತೆಗೆ ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಸ್ಪ್ರಿಂಗು, ಒಂದು ಚೀಟಿ: ದಿನಕ್ಕೆ 4 ಸೆಕೆಂಡ್ ಮುಂದೆ, ಆಂಪ್ಲಿಟ್ಯೂಡ್ 288. ಆ ಚೀಟಿಯ ಫೋಟೊ ಅಣ್ಣನಿಗೆ ಕಳಿಸಿದೆ. ಅವನಿಗೆ ಆ ಅಂಕಿ ಏನೆಂದು ಗೊತ್ತಿಲ್ಲ. "ಈಗ ರಾತ್ರಿ ನಿಲ್ಲಲ್ವಲ್ಲ?" ಎಂದು ಕೇಳಿದ. ಇಲ್ಲ ಅಂದೆ.