ಒಲೆ ಒಡೆಯುವ ಮೊದಲು ಹೊಗೆ ಎಲ್ಲಿಂದ ಬರುತ್ತಿದೆ ನೋಡಿ

ಶಿವರಾತ್ರಿ ಕಳೆದು ಬಿಸಿಲು ಏರಿತು ಅಂದರೆ ನಮ್ಮ ಜಗಳೂರು ಕಡೆ ಹಳ್ಳಿಗಳಲ್ಲಿ ಒಲೆ ರಿಪೇರಿ ಶುರುವಾಗುತ್ತದೆ. ಇದೇ ಸರಿಯಾದ ಕಾಲ. ಮಳೆಗಾಲದಲ್ಲಿ ಹಾಕಿದ ಒಲೆ ಮೇಲೆ ಒಣಗಿದ ಹಾಗೆ ಕಂಡರೂ ಹೊಟ್ಟೆಯೊಳಗೆ ಹಸಿಯಾಗಿಯೇ ಇರುತ್ತದೆ. ಬೆಂಕಿ ಬಿದ್ದ ಕೂಡಲೇ ಸೀಳುತ್ತದೆ. ಯುಗಾದಿ ಒಳಗೆ ಕೆಲಸ ಮುಗಿಸಿಕೊಳ್ಳಿ.

ಪ್ರತಿ ವರ್ಷ ಈ ಹೊತ್ತಿಗೆ ಓಣಿಯ ಹೆಣ್ಣುಮಕ್ಕಳು ಯಾರಾದರೂ ಬರುತ್ತಾರೆ. "ಅಜ್ಜಿ, ಒಲೆ ಬಾಳ ಹೊಗೆ ಕಾರ್ತೈತೆ, ಒಡೆದು ಹೊಸದು ಹಾಕ್ಬೇಕು" ಅನ್ನುತ್ತಾರೆ. ನಾನು ಕೇಳುವುದು ಒಂದೇ ಮಾತು. ಹೊಗೆ ಎಲ್ಲಿಂದ ಬರುತ್ತದೆ? ಕಟ್ಟಿಗೆ ಇಡುವ ಬಾಯಿಂದಲೋ, ಪಾತ್ರೆಯ ಸುತ್ತಲಿಂದಲೋ, ಹೊಗೆ ಕೊಳವೆಯ ಬುಡದಿಂದಲೋ? ಬಹಳ ಮಂದಿ ಅದನ್ನು ನೋಡಿಯೇ ಇರುವುದಿಲ್ಲ. ಹೊಗೆ ಹೊರಬೀಳುವ ಜಾಗ ಗೊತ್ತಾದರೆ ಅರ್ಧ ರಿಪೇರಿ ಮುಗಿದ ಹಾಗೆ.

ಗ್ಯಾಸ್ ಬಂದಿದೆ, ನಿಜ. 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ನಮ್ಮ ಊರಲ್ಲೂ ಸಿಲಿಂಡರ್ ಬಂದವು. ಆದರೆ ಜೋಳದ ರೊಟ್ಟಿ, ಸ್ನಾನದ ನೀರು, ದನಕ್ಕೆ ಬೇಯಿಸುವುದು, ಹಬ್ಬದ ದೊಡ್ಡ ಅಡಿಗೆ, ಇವೆಲ್ಲ ಇನ್ನೂ ಕಟ್ಟಿಗೆ ಒಲೆಯ ಮೇಲೆಯೇ. ದಾವಣಗೆರೆ ಪೇಟೆಯಲ್ಲೇ ಬೆಣ್ಣೆ ದೋಸೆಯನ್ನು ಕಟ್ಟಿಗೆ ಉರಿಯಲ್ಲಿ ಹಾಕುತ್ತಾರೆ. ಅಲ್ಲಿ ನಿಂತು ಗಮನಿಸಿ. ಉರಿ ಜಾಸ್ತಿಯಾದರೆ ನೀರು ಚಿಮುಕಿಸುವುದಿಲ್ಲ, ಕಟ್ಟಿಗೆಯನ್ನು ಹಿಂದಕ್ಕೆ ಎಳೆಯುತ್ತಾರೆ. ಕಾದ ಒಲೆಗೆ ನೀರು ಬಿದ್ದರೆ ಮಣ್ಣು ಬಿರಿಯುತ್ತದೆ. ಒಲೆಯ ಆಯಸ್ಸು ಕಡಿಮೆಯಾಗುವುದಕ್ಕೆ ಇದೂ ಒಂದು ಕಾರಣ.

ನಾನೂ ಒಂದು ಸಲ ದುಡುಕಿದ್ದೆ. ಅದು 1980ರ ದಶಕ, ಮದುವೆಯಾಗಿ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಆಗ ಹಳ್ಳಿಗಳಿಗೆ ಬರುತ್ತಿತ್ತು. ಮೂರು ಪಾತ್ರೆ ಇಡಬಹುದು. ಕಟ್ಟಿಗೆಯ ಕೆಳಗೆ ಕಬ್ಬಿಣದ ಜಾಲರಿ, ಅದರಡಿಯಿಂದ ಗಾಳಿ, ಹಿಂದೆ ಹೊಗೆ ಕೊಳವೆ. ನಮ್ಮ ಮನೆಗೂ ಹಾಕಿಸಿದ್ದೆವು. ಎರಡು ವರ್ಷ ಚೆನ್ನಾಗಿತ್ತು, ಆಮೇಲೆ ಒಂದು ದಿನ ಬಾಯಿಂದ ಹೊಗೆ ನುಗ್ಗತೊಡಗಿತು. ಅತ್ತೆ ತಮ್ಮ ಮಗಳ ಬಾಣಂತನಕ್ಕೆ ಹೋಗಿದ್ದರು. ನಾನು ಒಲೆ ಒಡೆದು, ನಾಲ್ಕು ದಿನ ಮಣ್ಣು ಕಲಸಿ ಹೊಸದು ಕಟ್ಟಿದೆ. ಅದೂ ಹಾಗೇ ಹೊಗೆ ಕಾರಿತು. ಅತ್ತೆ ಬಂದವರು ಒಲೆ ಮುಟ್ಟಲೇ ಇಲ್ಲ. ಮಾಳಿಗೆ ಹತ್ತಿ, ಹಗ್ಗದ ತುದಿಗೆ ಗೋಣಿಚೀಲದ ಉಂಡೆ ಕಟ್ಟಿ, ಅದರೊಳಗೊಂದು ಕಲ್ಲಿಟ್ಟು ಕೊಳವೆಗೆ ಇಳಿಬಿಟ್ಟರು. ಅರ್ಧದಲ್ಲಿ ತಡೆಯಿತು. ಎರಡು ಸಲ ಕುಕ್ಕಿದಾಗ ಕೆಳಗೆ ದೊಪ್ಪನೆ ಬಿತ್ತು. ತೆಂಗಿನ ನಾರು, ಹತ್ತಿ, ಹರಕು ಬಟ್ಟೆ ಸೇರಿದ ಅಳಿಲಿನ ಗೂಡು. "ಒಲೆ ಏನ್ ಮಾಡಿತ್ತವ್ವ ನಿಂಗೆ? ಮೊದ್ಲು ಕೊಳವೆ ನೋಡ್ಬೇಕು" ಅಂದರು. ಆ ನಾಲ್ಕು ದಿನದ ಕೆಲಸ ಇವತ್ತಿಗೂ ನನ್ನ ಕೈ ಮರೆತಿಲ್ಲ.

ಹಾಗಾಗಿ ಮೊದಲು ಕೊಳವೆ. ದಿನಾ ಉರಿಸುವ ಒಲೆಯಾದರೆ ತಿಂಗಳಿಗೊಮ್ಮೆ ಮಸಿ ತೆಗೆಯಿರಿ. ಒಲೆ ಪೂರ್ತಿ ಆರಿರಬೇಕು. ಪಾತ್ರೆ ಬಾಯಿಗಳನ್ನು ಹಳೇ ಚೀಲದಿಂದ ಮುಚ್ಚಿ, ಇಲ್ಲದಿದ್ದರೆ ಅಡಿಗೆಮನೆ ತುಂಬ ಮಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹಸಿ ಕಟ್ಟಿಗೆ ಜಾಸ್ತಿ ಉರಿಸಿದ ಮನೆಯಲ್ಲಿ ಕೊಳವೆಯೊಳಗೆ ಡಾಂಬರಿನಂಥ ಅಂಟು ಕಟ್ಟಿರುತ್ತದೆ. ಅದಕ್ಕೆ ಕಿಡಿ ತಾಗಿದರೆ ಕೊಳವೆಯೊಳಗೇ ಬೆಂಕಿ ಹತ್ತುತ್ತದೆ. ಮೇಲೆ ಸೋಗೆ, ಹುಲ್ಲು ಇದ್ದ ಮನೆಯವರು ಇದನ್ನು ಸಸಾರ ಮಾಡಲೇಬೇಡಿ.

ಕೊಳವೆ ಚೊಕ್ಕಟವಿದ್ದೂ ಹೊಗೆ ಹಿಂದೆ ಬರುತ್ತಿದ್ದರೆ ಹೊರಗೆ ಬಂದು ತಲೆ ಎತ್ತಿ ನೋಡಿ. ಕೊಳವೆ ಚಾವಣಿಯಿಂದ ಎರಡು ಅಡಿಯಾದರೂ ಮೇಲಿರಬೇಕು. ನನ್ನ ಮಗಳ ಮನೆಯಲ್ಲಿ ಎಲ್ಲ ಸರಿಯಿತ್ತು. ಪಕ್ಕದವರು ಮೇಲೊಂದು ಅಂತಸ್ತು ಎಬ್ಬಿಸಿದರು, ಆ ವರ್ಷದಿಂದ ಹೊಗೆ ಶುರು. ಗಾಳಿ ಆ ಗೋಡೆಗೆ ಬಡಿದು ಕೊಳವೆಯೊಳಗೇ ಇಳಿಯುತ್ತಿತ್ತು. ಗೋಡೆಗಿಂತ ಎತ್ತರಕ್ಕೆ ತಗಡಿನ ಕೊಳವೆ ಸೇರಿಸಿ, ಮೇಲೊಂದು ಟೋಪಿ ಇಟ್ಟರು. ಅಷ್ಟೇ. ಹಳೇ ಸಿಮೆಂಟ್ ಕೊಳವೆಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಹೆಚ್ಚಿನವು ಕಲ್ನಾರಿನವು. ಒಣಗಿದ್ದಾಗ ಗರಗಸ ಹಾಕಿದರೆ ಏಳುವ ಧೂಳು ಶ್ವಾಸಕೋಶಕ್ಕೆ ತುಂಬ ಕೆಟ್ಟದ್ದು. ಒಡೆದಿದ್ದರೆ ನೀರು ಹಾಕಿ ನೆನೆಸಿ ಇಡಿಯಾಗಿ ತೆಗೆಯಿರಿ, ಕತ್ತರಿಸಲು ಹೋಗಬೇಡಿ. ಹೊಸದಾಗಿ ಹಾಕುವುದಾದರೆ ತಗಡಿನದೋ ಸುಟ್ಟ ಮಣ್ಣಿನದೋ ಸಾಕು.

ಪಾತ್ರೆಯ ಸುತ್ತ ಹೊಗೆ ಬಂದರೆ ಅದು ಬೇರೆ ಕಥೆ. ಇಲ್ಲಿ ಬಹಳ ಮಂದಿ ಎರಡು ಒಲೆಗಳ ಲೆಕ್ಕವನ್ನು ಕಲಸಿಬಿಡುತ್ತಾರೆ. ಮೂರು ಗುಂಡಿನ ಬರೀ ಒಲೆಗೆ, ಅಂದರೆ ಕೊಳವೆ ಇಲ್ಲದ್ದಕ್ಕೆ, ಪಾತ್ರೆಯ ಕೆಳಗೆ ಒಂದು ಬೆರಳು ಸಂದು ಬೇಕೇ ಬೇಕು. ಉರಿ ಅಲ್ಲಿಂದಲೇ ಪಾತ್ರೆಯ ಮೈ ಸವರಿಕೊಂಡು ಮೇಲೇರುತ್ತದೆ. ಒಲೆಗುಂಡು ಸವೆದು ಪಾತ್ರೆ ಕೆಳಗೆ ಕೂತರೆ ಉರಿ ಉಸಿರುಕಟ್ಟಿ ಹೊಗೆಯಾಗುತ್ತದೆ. ಅದಕ್ಕೆ ಗುಂಡಿನ ಮೇಲೆ ಒಂದಿಷ್ಟು ಮಣ್ಣು ಮೆತ್ತಿ ಎತ್ತರಿಸಿದರೆ ಆಯಿತು. ಕೊಳವೆ ಒಲೆಗೆ ಇದರ ಉಲ್ಟಾ. ಅಲ್ಲಿ ಪಾತ್ರೆ ಬಾಯಿಗೆ ಮುಚ್ಚಳದ ಹಾಗೆ ಕೂರಬೇಕು, ಒಂದು ಚೂರೂ ಸಂದಿರಬಾರದು. ಸಂದಿದ್ದರೆ ಕೊಳವೆ ಅಲ್ಲಿಂದ ತಣ್ಣನೆ ಗಾಳಿ ಎಳೆಯುತ್ತದೆ, ಕಟ್ಟಿಗೆಯ ಕಡೆಯಿಂದ ಎಳೆಯುವುದಿಲ್ಲ. ಮೊದಲು ದೊಡ್ಡ ಸಂಸಾರ, ದೊಡ್ಡ ಪಾತ್ರೆ. ಈಗ ನಾಲ್ಕು ಜನಕ್ಕೆ ಸಣ್ಣ ಪಾತ್ರೆ ಇಡುತ್ತೀರಿ, ಬಾಯಿ ಮಾತ್ರ ಹಳೇದೇ. ಕಮ್ಮಾರರ ಹತ್ತಿರ ಪಾತ್ರೆಯ ಅಳತೆಗೆ ಒಂದು ಕಬ್ಬಿಣದ ಬಳೆ ಮಾಡಿಸಿ ಬಾಯಿ ಮೇಲೆ ಇಡಿ. ಪಾತ್ರೆಯನ್ನು ಜೊತೆಗೇ ಒಯ್ಯಿರಿ, ಬಾಯಲ್ಲಿ ಹೇಳಿ ಬರಬೇಡಿ. ಕೋಡೊಲೆ, ಅಂದರೆ ಹಿಂದಿನ ಪಾತ್ರೆ ಬಾಯಿ, ಉಪಯೋಗಿಸದ ಹೊತ್ತಿನಲ್ಲಿ ಅದರ ಮೇಲೂ ಹಂಚು ಮುಚ್ಚಿಡಿ.

ಸಂದು ಎಲ್ಲಿದೆ ಅಂತ ಕಾಣದಿದ್ದರೆ ಊದಿನಕಡ್ಡಿ ಹಚ್ಚಿ. ಒಲೆ ಸಣ್ಣಗೆ ಉರಿಯುತ್ತಿರುವಾಗ ಪಾತ್ರೆಯ ಸುತ್ತ, ಕೊಳವೆಯ ಬುಡದಲ್ಲಿ, ಗೋಡೆ ಸೇರುವ ಕಡೆ ನಿಧಾನವಾಗಿ ಹಿಡಿದುಕೊಂಡು ಹೋಗಿ. ಊದಿನಕಡ್ಡಿಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿದ್ದದ್ದು ಎಲ್ಲಿ ಸೊಟ್ಟಗೆ ಬಾಗಿ ಒಳಗೆ ಹೋಗುತ್ತದೋ ಅಲ್ಲಿ ಬಿರುಕಿದೆ. ಬಳಪದಿಂದ ಗುರುತು ಹಾಕಿಕೊಳ್ಳಿ.

ಇನ್ನು ಬಿರುಕು ಮುಚ್ಚುವುದು. ಸುಮ್ನೆ ಮೇಲೆ ಸಗಣಿ ಸಾರಿಸಿದರೆ ಒಂದು ವಾರ ಚೆಂದ ಕಾಣುತ್ತದೆ, ಆಮೇಲೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಬಿರುಕನ್ನು ಹಳೇ ಚಾಕುವಿನಿಂದ ಒಂದು ಬೆರಳು ಹೋಗುವಷ್ಟು ಕೆರೆದು ಅಗಲ ಮಾಡಿ. ಒಳಗಿನ ಬೂದಿ, ಮಸಿ ಎಲ್ಲ ಊದಿ ತೆಗೆಯಿರಿ. ಮಸಿಯ ಮೇಲೆ ಮಣ್ಣು ಹಿಡಿಯುವುದಿಲ್ಲ. ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒತ್ತಿ ಹಳೇ ಮಣ್ಣಿಗೆ ನೀರು ಕುಡಿಸಿ. ಆಮೇಲೆ ಹದ ಮಾಡಿದ ಮಣ್ಣನ್ನು ಹೆಬ್ಬೆರಳಿನಿಂದ ಆಳಕ್ಕೆ ಒತ್ತಿ ಒತ್ತಿ ತುಂಬಿ. ಮಾರನೇ ದಿನ ನೋಡಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತದೆ. ಗಾಬರಿ ಬೇಡ, ತೆಳ್ಳಗೆ ಇನ್ನೊಂದು ಸಲ ಒತ್ತಿ.

ಮಣ್ಣಿನ ಹದದಲ್ಲೇ ಎಲ್ಲ ಇರುವುದು. ನಮ್ಮ ಕಡೆಯ ಎರೆ ಮಣ್ಣು ಒಲೆಗೆ ಬೇಡ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಹೊಲದ ಹಾಗೆಯೇ ಬಾಯಿ ಬಿಡುತ್ತದೆ. ಚನ್ನಗಿರಿ ಕಡೆ ನನ್ನ ತವರಲ್ಲಿ ಕೆರೆಯ ಜೇಡಿ ಮಣ್ಣು ತರುತ್ತಿದ್ದೆವು, ಇಲ್ಲಿ ಹುತ್ತದ ಮಣ್ಣು. ಹಾವಿರುವ ಹುತ್ತಕ್ಕೆ ಕೈ ಹಾಕಬೇಡಿ, ಮಳೆಗೆ ಬಿದ್ದುಹೋದ ಪಾಳು ಹುತ್ತದ್ದು ತನ್ನಿ. ಜರಡಿ ಹಿಡಿದ ಮಣ್ಣು ಎರಡು ಪುಟ್ಟಿ, ಮರಳು ಒಂದು ಪುಟ್ಟಿ, ಎರಡು ಬೊಗಸೆ ಭತ್ತದ ಹೊಟ್ಟು, ಒಂದು ಉಂಡೆ ಹಸಿ ಸಗಣಿ. ನೀರು ಹಾಕಿ ತುಳಿದು ಮೂರು ದಿನ ಒದ್ದೆ ಗೋಣಿಚೀಲ ಮುಚ್ಚಿಡಿ, ದಿನಾ ಒಂದು ಸಲ ತುಳಿಯಿರಿ. ಹದ ಬಂತೋ ಇಲ್ಲವೋ ನೋಡಲು ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಡಿ. ಚೂರಾದರೆ ಮಣ್ಣು ಸಾಲದು. ರೊಟ್ಟಿಯ ಹಾಗೆ ಚಪ್ಪಟೆಯಾದರೆ ನೀರು ಜಾಸ್ತಿ. ಸ್ವಲ್ಪ ತಗ್ಗಿ ಉಂಡೆಯಾಗೇ ಉಳಿದರೆ ಹದ ಬಂದಿದೆ.

ಸಿಮೆಂಟ್ ಗಟ್ಟಿ ಅಂತ ಒಲೆಯೊಳಗೆ ಸಿಮೆಂಟ್ ಮೆತ್ತಬೇಡಿ. ನಮ್ಮ ಬಚ್ಚಲ ಒಲೆಗೆ ಒಬ್ಬ ಮೇಸ್ತ್ರಿ ಹಾಗೆ ಮಾಡಿಹೋದರು. ಆರು ತಿಂಗಳಿಗೆ ಹಾಳೆಹಾಳೆಯಾಗಿ ಉದುರಿತು. ಸಿಮೆಂಟು ಗಟ್ಟಿಯಾಗಿರುವುದು ತನ್ನೊಳಗಿನ ನೀರಿನಿಂದ. ಬೆಂಕಿ ಆ ನೀರನ್ನು ಹೀರಿದರೆ ಅದು ಪುಡಿಯಾಗುತ್ತದೆ. ಉರಿ ತಾಗದ ಹೊರಗಿನ ಕಟ್ಟೆಗೆ ಬೇಕಾದರೆ ಹಾಕಿ. ಒಳಗೆ ಸುಟ್ಟ ಇಟ್ಟಿಗೆ, ಮಣ್ಣು, ಅಷ್ಟೇ. ಹಳ್ಳದಿಂದ ತಂದ ಕಲ್ಲನ್ನೂ ಬೆಂಕಿಗೆ ಹತ್ತಿರ ಇಡಬೇಡಿ. ಒಳಗೆ ನೀರು ಹಿಡಿದಿದ್ದರೆ ಕಾದಾಗ ಸಿಡಿಯುತ್ತದೆ.

ಹಾಗಾದರೆ ಒಡೆಯುವುದು ಯಾವಾಗ? ಗೋಡೆಯನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಒತ್ತಿದಾಗ ಅಲುಗಾಡಿದರೆ, ಒಳಗಿನ ಇಟ್ಟಿಗೆ ಉಜ್ಜಿದರೆ ಹಿಟ್ಟಿನ ಹಾಗೆ ಉದುರಿದರೆ ಆಗ ಮತ್ತೆ ಮತ್ತೆ ಮೆತ್ತಿ ಪ್ರಯೋಜನವಿಲ್ಲ. ಕಟ್ಟಿಗೆ ಇಡುವ ಜಾಗಕ್ಕೂ ಪಾತ್ರೆಯ ತಳಕ್ಕೂ ಅಂತರ ತಪ್ಪಿದ್ದರೂ ಒಡೆಯಲೇಬೇಕು. ಆರು ಅಂಗುಲದ ಆಸುಪಾಸು ಇರಲಿ. ಒಂದು ಗೇಣು ದಾಟಿದರೆ ಉರಿ ಪಾತ್ರೆಗೆ ತಾಗುವುದೇ ಇಲ್ಲ, ತೀರಾ ಕಡಿಮೆಯಾದರೆ ಕಟ್ಟಿಗೆ ಪೂರ್ತಿ ಉರಿಯದೆ ಪಾತ್ರೆಗೆ ಮಸಿ ಹಿಡಿಯುತ್ತದೆ. ಕಬ್ಬಿಣದ ಜಾಲರಿ ಬಗ್ಗಿದ್ದರೆ ಅದೊಂದನ್ನೇ ಬದಲಿಸಿ. ಅದರ ಕೆಳಗಿನ ಬೂದಿಯನ್ನು ದಿನಾ ಬೆಳಿಗ್ಗೆ ಎಳೆಯಿರಿ. ಬೂದಿ ತುಂಬಿದರೆ ಗಾಳಿಯ ದಾರಿ ಮುಚ್ಚಿ ಒಲೆ ಮತ್ತೆ ಹೊಗೆಯಾಡುತ್ತದೆ.

ಬಚ್ಚಲ ಒಲೆಯ ವಿಷಯ ಒತ್ತಿ ಹೇಳುತ್ತೇನೆ. ಚಳಿಗಾಲದಲ್ಲಿ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಮಕ್ಕಳಿಗೆ ನೀರು ಹಾಕುತ್ತೀರಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮೊದಲು ತಲೆ ಭಾರ, ಆಮೇಲೆ ತಲೆ ಸುತ್ತು, ಮುಂದೆ ಎದ್ದು ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲ. ಹಂಡೆ ಒಲೆಯ ಬಾಯಿ ಹೊರಗಡೆಗೆ ಇರುವ ಹಾಗೆ ಕಟ್ಟಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಬೆಳಕಿಂಡಿ ತೆರೆದೇ ಇರಲಿ. ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕುವ ಪದ್ಧತಿ ಇದ್ದರೆ ಇವತ್ತೇ ಬಿಟ್ಟುಬಿಡಿ.

ಕಟ್ಟಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಳ್ಳಾರಿ ಜಾಲಿ ಒಳ್ಳೆ ಕೆಂಡ ಕೊಡುತ್ತದೆ. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಬೇಗ ಹತ್ತಿ ಬೇಗ ಆರುತ್ತದೆ, ಒಲೆ ಹಚ್ಚಲು ಸರಿ. ಯಾವುದೇ ಆದರೂ ಸೀಳಿ, ಒಂದು ಬೇಸಿಗೆ ಒಣಗಿಸಿ ಇಟ್ಟುಕೊಳ್ಳಿ. ಎರಡು ತುಂಡನ್ನು ಒಂದಕ್ಕೊಂದು ಬಡಿದರೆ ಠಣ್ ಅನ್ನಬೇಕು. ಪ್ಲಾಸ್ಟಿಕ್ ಕವರ್ ಹಾಕಿ ಒಲೆ ಹಚ್ಚುವ ಚಾಳಿ ಬೇಡ, ಆ ಹೊಗೆ ವಿಷ.

ಹೊಸ ಒಲೆಯನ್ನು ಹದಿನೈದು ದಿನ ನೆರಳಲ್ಲೇ ಒಣಗಲು ಬಿಡಿ. ದಿನಾ ಒದ್ದೆ ಕೈಯಿಂದ ಸವರುತ್ತಾ ಇರಿ. ಮೊದಲ ದಿನ ಬರೀ ಪುಳ್ಳೆ ಉರಿ, ಅರ್ಧ ಗಂಟೆ, ಮೇಲೊಂದು ಪಾತ್ರೆ ನೀರು. ಎರಡನೇ ದಿನ ಸ್ವಲ್ಪ ಜಾಸ್ತಿ. ಕೊಳವೆ ಒಲೆಯಾದರೆ ಹಚ್ಚುವ ಮೊದಲು ಒಣಗಿದ ಜೋಳದ ಗರಿಗೆ ಬೆಂಕಿ ಹಚ್ಚಿ ಕೊಳವೆಯ ಬುಡದಲ್ಲಿ ಒಂದು ನಿಮಿಷ ಹಿಡಿಯಿರಿ. ಕೊಳವೆ ಬೆಚ್ಚಗಾದರೆ ಹೊಗೆಗೆ ದಾರಿ ಸಿಗುತ್ತದೆ. ಮೂರನೇ ದಿನ ಕೆಮ್ಮಣ್ಣು ಸಾರಿಸಿ, ಅರಿಶಿನ ಕುಂಕುಮ ಇಟ್ಟು, ಹಾಲು ಉಕ್ಕಿಸಿ. ರೊಟ್ಟಿ ಹಂಚು ಮಾತ್ರ ನಾಲ್ಕನೇ ದಿನಕ್ಕೆ ಇಡಿ, ಅದಕ್ಕೆ ಬೇಕಾದ ಉರಿ ದೊಡ್ಡದು.