ಕಾಫಿ ಬೀಜದ ಮೇಣ ತೆಗೆದಿದ್ದು: ನನ್ನ ಅನುಭವ

ಹುರಿಯದ ಹಸಿ ಕಾಫಿ ಬೀಜವನ್ನು ಹಬೆಯಲ್ಲಿ ಬೇಯಿಸುತ್ತೇನೆ ಅಂದಾಗ ಚಿಕ್ಕಮಗಳೂರಿನ ಆಲ್ದೂರಿನ ಕಡೆ ನಗದವರಿಲ್ಲ. 'ಇಡ್ಲಿ ಮಾಡ್ತಿದೀಯೇನೋ?' ಅಂತ ಚಿಕ್ಕಪ್ಪ ಕೇಳಿದ್ದರು. ಎದೆ ಉರಿ ಅಂತ ಹತ್ತು ವರ್ಷ ಕಾಫಿ ಬಿಟ್ಟವರು ಅವರು. ಈಗ ದಿನಕ್ಕೆ ಎರಡು ಲೋಟ ಕುಡಿಯುತ್ತಾರೆ.

ಎದೆ ಉರಿಗೆ ಎಲ್ಲರೂ ಕೆಫೀನನ್ನೇ ಬೈಯುತ್ತಾರೆ. ನಾನು ಹಿಡಿದಿದ್ದು ಬೀಜದ ಮೇಲಿನ ಮೇಣವನ್ನು, ಹಬೆ ಕೊಡುವುದು ಅದನ್ನು ತೆಗೆಯಲಿಕ್ಕೇ. ಕೆಜಿ ಬೀಜಕ್ಕೆ ಎರಡು-ಮೂರು ಗ್ರಾಂ ಮೇಣ, ಅಷ್ಟೇ. ಅದರಲ್ಲಿ ಸಿರೊಟೋನಿನ್ (ನಮ್ಮ ದೇಹದಲ್ಲೂ ಇರುವ ಒಂದು ರಾಸಾಯನಿಕ) ಉದ್ದನೆಯ ಕೊಬ್ಬಿನ ಆಮ್ಲಗಳಿಗೆ ಅಂಟಿಕೊಂಡಿರುತ್ತದೆ. ಹೆಸರು 5-ಹೈಡ್ರಾಕ್ಸಿಟ್ರಿಪ್ಟಮೈಡ್.   ಹೊಟ್ಟೆಗೆ ಆಗಲ್ಲ ಅನ್ನುವ ದೂರು ಅದರ ಮೇಲೆ ಬಹಳ ಹಿಂದಿನಿಂದ ಇದೆ.

ಮೊದಲ ಸಲ ಹತ್ತು ಕೆಜಿ ಅರೇಬಿಕಾ ಬೇಯಿಸಿ ಕಣದಲ್ಲಿ ಹರಡಿದೆ. ಡಿಸೆಂಬರ್ ಮಂಜು. ಮೂರನೇ ದಿನಕ್ಕೆ ಬೂಷ್ಟು ವಾಸನೆ, ಎಲ್ಲಾ ಗೊಬ್ಬರದ ಗುಂಡಿಗೆ. ಎರಡನೇ ಸಲ ಚೆನ್ನಾಗೇ ಒಣಗಿತು, ಹುರಿಯುವಾಗ ಕೆಟ್ಟಿತು. ಬೇಯಿಸಿದ ಬೀಜ ಮೊದಲೇ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಬಣ್ಣ ನೋಡಿ ಹದ ಹಿಡಿಯಲು ಆಗಲ್ಲ. ಐದು ಕೆಜಿ ಬೀಜ ಸುಟ್ಟು ಇದ್ದಲಾಯಿತು. ಮೋಟಾರ್ ಹಾಕಿಸಿದ ಹುರಿಯುವ ಡ್ರಮ್ಮಿಗೇ ಮೂವತ್ತೈದು ಸಾವಿರ ಹೋಗಿತ್ತು. ಒಟ್ಟು ಅರವತ್ತು ಸಾವಿರದ ಹತ್ತಿರ ಆಗಿರಬೇಕು. ಮನೆಯವಳು ಆ ಲೆಕ್ಕ ಇವತ್ತಿಗೂ ಮರೆತಿಲ್ಲ.

ಆಮೇಲೆ ನೆಲ ಬಿಟ್ಟು ಜಾಲರಿಗೆ ಬಂದೆ. ತೆಳ್ಳಗೆ ಹರಡಿ, ಕೆಳಗಿಂದ ಗಾಳಿ ಕೊಟ್ಟು, ಗಂಟೆಗೊಮ್ಮೆ ಕೈಯಾಡಿಸಿದೆ. ಒಣಗಿದೆಯಾ ಅಂತ ನೋಡಲು ಹಲ್ಲೇ ಸಾಕು. ಕಚ್ಚಿದರೆ ಗುರುತು ಬೀಳಬಾರದು, ಟಕ್ ಅನ್ನಬೇಕು. ಆಮೇಲೆ ಗೋಣಿಚೀಲಕ್ಕೆ ತುಂಬಿ ಇಬ್ಬರು ನಿಂತು ಚೆನ್ನಾಗಿ ಉಜ್ಜಿದೆವು. ಬೀಜಕ್ಕೆ ಅಂಟಿದ ತೆಳು ಬೆಳ್ಳಿ ಸಿಪ್ಪೆಯ ಜೊತೆ ಕೈಗೆ ಜಿಡ್ಡು ಜಿಡ್ಡಾದ ಪುಡಿ ಅಂಟಿತು, ಮೇಣ ಬಿಟ್ಟ ಗುರುತು. ಅದನ್ನು ನೋಡಿದಾಗ ಆದ ಖುಷಿ ಹೇಳಲಾರೆ. ಹುರಿಯುವಾಗಲೂ ಮೇಣದ ಆ ಟ್ರಿಪ್ಟಮೈಡ್ ಒಂದಷ್ಟು ಒಡೆದು ಹೋಗುತ್ತದೆ, ಅದಕ್ಕೇ ಬೀಜ ಎರಡನೇ ಸಲ ಚಟಪಟ ಸಿಡಿಯಲು ಶುರುವಾಗುವವರೆಗೂ ಇಳಿಸಲ್ಲ. ಈಗ ಬಣ್ಣ ನೋಡಲ್ಲ, ಕಿವಿ ಕೊಟ್ಟು ಕೇಳುತ್ತೇನೆ. ಹಬೆ ಎಷ್ಟು ಹೊತ್ತು, ನೀರಿಗೆ ಏನು ಹಾಕುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಸುಮ್ನೆ ಇರಲಾರದೆ ರೋಬಸ್ಟಾಗೂ ಹಬೆ ಕೊಟ್ಟೆ. ಒರಟುತನ ಇಳಿಯಿತು, ಚಿಕೋರಿ ಅರ್ಧಕ್ಕರ್ಧ ಕಡಿಮೆ ಸಾಕಾಯಿತು. ಅರೇಬಿಕಾದ ಘಮ ಮಾತ್ರ ಸ್ವಲ್ಪ ಸೊರಗುತ್ತದೆ, ಅದು ನಿಜ.

ಅಲ್ಸರ್ ಇದ್ದವರಿಗೆ ನಾನು ಕೊಡಲ್ಲ, ಮೊದಲು ಡಾಕ್ಟರನ್ನು ಕೇಳಿ ಅಂತೀನಿ. ಹೋದ ಸುಗ್ಗಿಯಲ್ಲಿ ಇಪ್ಪತ್ತು ಕೆಜಿ ಪುಡಿ ಹೋಯಿತು, ಕೆಜಿಗೆ ಒಂಬೈನೂರರಂತೆ. ಮೊದಲ ಐದು ಕೆಜಿ ತಗೊಂಡಿದ್ದು ಚಿಕ್ಕಪ್ಪನೇ, ದುಡ್ಡು ಕೊಟ್ಟು.